ನಾಲ್ಕನೆಯ ಚೀಲ

ತುಬಾನ್, ೩ ಮಾರ್ಚ್ ೨೦೧೬

ಅಕ್ಕಾ,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ, ಕೊನೆಯತನಕ ಓದು. ನಿನ್ನ ಫೋನ್ ನಂಬರು ಅಮ್ಮನ ಹತ್ತಿರ ಇದೆ. ಆದರೆ ಏಳು ವರ್ಷದ ಹಿಂದೆ ನೀನು, "ಇನ್ನೊಂದ್ ಸಲ ನಿನ್ ದನಿ ಕೇಳಿಸಿದ್ರೆ ಈ ಫೋನನ್ನ ಸಮುದ್ರಕ್ಕೆ ಎಸೀತೀನಿ" ಅಂದಿದ್ದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾನೀಗ ಏಳು ತಿಂಗಳ ಬಸುರಿ. ಲಾರಸ್‌ಳನ್ನು ಹೊಟ್ಟೆ ಕುಯ್ದೇ ತೆಗೆದದ್ದು ಎಂದು ಅಮ್ಮ ನಿನಗೆ ಹೇಳಿರಬಹುದು. ಅವಳಿಗೆ ಈಗ ನಾಲ್ಕು ವರ್ಷ. ಹೋದ ತಿಂಗಳು ಇಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ಮಾತಾಡುತ್ತಾ ಮಾತಾಡುತ್ತಾ ಸುಮ್ಮನಾಗಿಬಿಟ್ಟರು. ಆ ಮೌನ ನನಗೆ ಗೊತ್ತಿತ್ತು ಅಕ್ಕಾ. ನಿನ್ನ ಪಕ್ಕದಲ್ಲಿ ಕೂತು ಅದನ್ನು ಒಂದು ಸಲ ಕೇಳಿದ್ದೆ. ಹಳೆಯ ಹೊಲಿಗೆ ಇರುವ ಜಾಗದಲ್ಲೇ ಮಾಸು ಬೇರು ಬಿಟ್ಟಿದೆ, ಗರ್ಭಕೋಶದ ಗೋಡೆ ದಾಟಿ ಹೊರಗಿನತನಕ ಬಂದಿದೆ. ನಿನಗೆ ಆದದ್ದೇ ನನಗೂ ಆಗಿದೆ.

ಸುರಬಾಯಕ್ಕೆ ಹೋಗಿ ಬಂದೆವು. ನಿನ್ನ ಕಾಲದಲ್ಲಿ ಇದಕ್ಕೆ ಒಂದೇ ದಾರಿ ಇತ್ತು, ಮಗುವನ್ನು ತೆಗೆದು ಗರ್ಭಕೋಶವನ್ನೂ ತೆಗೆದುಬಿಡುವುದು. ಈಗಿನ ಡಾಕ್ಟರು ಬೇರೆ ಥರ ಮಾಡುತ್ತಾರೆ. ಮೊದಲು ರಕ್ತ ಹರಿಯುವ ನಾಳಗಳನ್ನೆಲ್ಲ ಕಟ್ಟಿ, ಮಾಸು ಕಚ್ಚಿಕೊಂಡಿರುವ ತುಂಡನ್ನಷ್ಟೇ ಕತ್ತರಿಸಿ, ಮೇಲಿನ ಗಟ್ಟಿ ಭಾಗವನ್ನೂ ಕೆಳಗಿನ ಗಟ್ಟಿ ಭಾಗವನ್ನೂ ಸೇರಿಸಿ ಹೊಲಿಯುತ್ತಾರಂತೆ. ಹರಿದ ಲುಂಗಿಯ ನಡುವೆ ಹಾಳಾದದ್ದನ್ನು ತೆಗೆದು ಅಮ್ಮ ಜೋಡಿಸುತ್ತಿದ್ದಳಲ್ಲ, ಹಾಗೆ. ಆದರೆ ರಕ್ತ ಬೇಕು. ನಮ್ಮದು ಓ ನೆಗೆಟಿವ್, ಈ ಜಾವಾದಲ್ಲಿ ಅದನ್ನು ಎಲ್ಲಿಂದ ತರುವುದು? ಹೇಗೋ ಮೂರು ಚೀಲಕ್ಕೆ ದಾನಿಗಳು ಸಿಕ್ಕಿದ್ದಾರೆ. ಡಾಕ್ಟರು ಹೇಳಿದ್ದು ಇಷ್ಟು: "ನಾಲ್ಕು ಚೀಲ ಕಣ್ಣೆದುರಿಗಿದ್ರೆ ಉಳಿಸೋಕೆ ಕೈ ಹಾಕ್ತೀನಮ್ಮ. ಇಲ್ಲಾಂದ್ರೆ ಗರ್ಭಕೋಶ ತೆಗೆದು ನಿಮ್ಮ ಜೀವ ಉಳಿಸ್ತೀನಿ. ಮನೆಯವರಲ್ಲಿ ಇನ್ಯಾರಿದ್ದಾರೆ ನೋಡಿ."

ಆಪರೇಷನ್ ಏಪ್ರಿಲ್ ಇಪ್ಪತ್ತೊಂದಕ್ಕೆ. ಇವರು ಒಪ್ಪಿಗೆಯ ಸಹಿ ಹಾಕಿದ್ದಾರೆ. ಗರ್ಭಕೋಶ ಹೋದ ಹೆಂಗಸಿಗೆ ಈ ಮನೆಯಲ್ಲಿ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ವೆನಿಂಗ್


ಬಾಲಿಕ್‌ಪಾಪನ್, ೧೪ ಮಾರ್ಚ್ ೨೦೧೬

ವೆನಿಂಗ್,

ಹರಿಯಲಿಲ್ಲ. ಒಲೆಗೆ ಹಾಕೋಣ ಎಂದು ಎರಡು ಸಲ ಎದ್ದೆ. ಬಂದರಿನ ಕೂಲಿಗಳು ಊಟಕ್ಕೆ ಬಂದುಬಿಟ್ಟರು, ನನ್ನ ಕ್ಯಾಂಟೀನಿನಲ್ಲಿ ಹಸಿದವರು ಕಾಯುವುದಿಲ್ಲ. ಹಾಗಾಗಿ ನಿನ್ನ ಕಾಗದ ಬದುಕಿಕೊಂಡಿತು.

"ಇವರು" ಅಂತ ಎಷ್ಟು ಚೆನ್ನಾಗಿ ಬರೆಯುತ್ತೀಯೆ! ನಾನೂ ಕರ್ನೋತೊನನ್ನು ಹಾಗೇ ಅನ್ನುತ್ತಿದ್ದೆ. ಈಗ ಅವನು, ಅಷ್ಟೇ.

ನೀನು ಬರೆದದ್ದನ್ನು ಓದಿದೆ. ಬರೆಯದೆ ಬಿಟ್ಟದ್ದನ್ನು ನಾನೇ ಬರೆಯುತ್ತೇನೆ. ಒಂಬತ್ತು ವರ್ಷದ ಹಿಂದೆ ಅದೇ ಸುರಬಾಯದಲ್ಲಿ ಲಿಂತಾಂಗ್ ಹುಟ್ಟಿದಳು. ಅದಕ್ಕೂ ಮೊದಲು ಹೊಟ್ಟೆ ಕುಯ್ದು ತೆಗೆದಿದ್ದ ಗಂಡುಮಗು ವಾರ ತುಂಬುವುದರೊಳಗೆ ಹೋಗಿತ್ತು. ಈ ಸಲ ಎಚ್ಚರವಾದಾಗ ಮಗು ಬದುಕಿದೆ ಅಂದರು. ನಾನೂ ಬದುಕಿದ್ದೆ. ಆ ಹೊತ್ತು ನನಗೆ ರಕ್ತ ಕೊಟ್ಟವಳು ನೀನು. ಗರ್ಭಕೋಶ ತೆಗೆದದ್ದನ್ನು ಮಾತ್ರ ಯಾರೂ ಹೇಳಲಿಲ್ಲ. ಅಮ್ಮ ಹೇಳುವಷ್ಟರಲ್ಲಿ ಕರ್ನೋತೊ ಊರಿಗೆ ಹೋಗಿ ಅದನ್ನು ಹೂತೂ ಆಗಿತ್ತು. ಮಾಸು ಬೇರೆ, ಗರ್ಭಕೋಶ ಬೇರೆ ಎಂದು ಬಿಡಿಸಲಾಗದೆ ಆಸ್ಪತ್ರೆಯವರು ಒಟ್ಟಿಗೇ ಕೊಟ್ಟಿದ್ದರು. ಅವನು ಪದ್ಧತಿ ತಪ್ಪದೆ ತೊಳೆದು, ಉಪ್ಪು ಹಾಕಿ, ಬಿಳಿ ಬಟ್ಟೆ ಸುತ್ತಿ, ಮಡಕೆಯಲ್ಲಿಟ್ಟು, ಹೆಣ್ಣುಮಗು ಅಂತ ಬಾಗಿಲಿನ ಎಡಗಡೆ ಹೂತು ದೀಪ ಇಟ್ಟ. ಮಾಸು ಮಗುವಿನ ಒಡಹುಟ್ಟು, ಹೂಳಲಿ. ಅದರ ಜೊತೆ ನನ್ನದೂ ಹೋಯಿತು. ದಿನಾ ಕಸ ಗುಡಿಸುವಾಗ ಪೊರಕೆ ಅಲ್ಲಿ ಆಡಿಸುತ್ತೀಯಲ್ಲ ನೀನು?

ಆಮೇಲಿನದು ನಿನಗೂ ಗೊತ್ತು. ಹೆರಲಾಗದ ಹೆಂಡತಿ ಇದ್ದರೆ ಇನ್ನೊಬ್ಬಳನ್ನು ಮಾಡಿಕೊಳ್ಳಲು ಕಾನೂನೇ ಬಿಡುತ್ತದೆ ಎಂದು ಅವನು ಊಟದ ಮುಂದೆ ಕೂತು ಹೇಳಿದ. ಹಾಗಾದರೆ ನನ್ನನ್ನು ಬಿಡು ಅಂದೆ. ಬಿಟ್ಟ. ಕೂಸನ್ನು ಅಮ್ಮನ ಹತ್ತಿರ ಬಿಟ್ಟು, ನಾಲ್ಕು ಕಾಸು ಮಾಡಿಕೊಂಡು ಕರೆಸಿಕೊಳ್ಳೋಣ ಎಂದು ಇಲ್ಲಿಗೆ ಹಡಗು ಹತ್ತಿದೆ. ವರ್ಷ ತುಂಬುವ ಮೊದಲೇ ಅಮ್ಮನ ಫೋನು. "ಮಗುಗೆ ಚಿಕ್ಕಮ್ಮನಿಗಿಂತ ಹತ್ತಿರದೋರು ಯಾರಮ್ಮಾ? ಹೊರಗಿನೋಳು ಬಂದ್ರೆ ಹೊಡೀತಾಳೆ. ವೆನಿಂಗ್ ಒಪ್ಪಿದಾಳೆ."

ಒಂದು ಚೀಲ ರಕ್ತ ಕೊಟ್ಟು ಗಂಡ, ಮನೆ, ಮಗಳು ಮೂರನ್ನೂ ತಗೊಂಡೆ ನೀನು. ನಾನು ಅಷ್ಟು ದುರಾಸೆಯವಳಲ್ಲ. ಬಂದು ರಕ್ತ ಕೊಡುತ್ತೇನೆ. ಗಂಡ, ಮನೆ ನಿನಗೇ ಇರಲಿ. ಲಿಂತಾಂಗ್‌ಳನ್ನು ನನಗೆ ಕೊಡು. ಒಪ್ಪಿಗೆ ಇದ್ದರೆ ಬರೆ, ಇಲ್ಲದಿದ್ದರೆ ಅಂಚೆ ಖರ್ಚು ಯಾಕೆ?

ರುಮಿಯಾತಿ


ತುಬಾನ್, ೨೪ ಮಾರ್ಚ್ ೨೦೧೬

ಅಕ್ಕಾ,

ಲಿಂತಾಂಗ್ ಈಗ ಮೂರನೇ ಕ್ಲಾಸು. ಗುಣಾಕಾರದಲ್ಲಿ ಗಟ್ಟಿಗಳು, ಕುರಾನ್ ಪಾಠದಲ್ಲಿ ಮಾತ್ರ ನಿದ್ದೆ. ಲಾರಸ್‌ಗೆ ಜಡೆ ಹಾಕುವವಳು ಅವಳೇ, ನಾನು ಹಾಕಿದರೆ ಆ ಪುಟ್ಟಿಗೆ ಆಗುವುದಿಲ್ಲ. ನನ್ನ ಹೊಟ್ಟೆಗೆ ಕಿವಿ ಇಟ್ಟು, "ಒಳಗಡೆ ಯಾರೋ ಒಗ್ಗರಣೆ ಹಾಕ್ತಿದಾರಮ್ಮಾ" ಅನ್ನುತ್ತಾಳೆ.

ಇದನ್ನೆಲ್ಲ ನಿನ್ನ ಮನಸ್ಸು ಕರಗಲಿ ಎಂದು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನಗೆ ಗೊತ್ತಿರಲಿ ಎಂದು, ಅಷ್ಟೇ.

ಇವರಿಗೆ ಹೇಳಿದೆ. ಏನೂ ಅನ್ನಲಿಲ್ಲ.

ಆಗಲಿ ಅಕ್ಕಾ. ಶಾಲೆಯ ವರ್ಷ ಮುಗಿದು, ರಂಜಾನ್ ಹಬ್ಬ ಕಳೆಯುವವರೆಗೆ ಬಿಡು. ಆಮೇಲೆ ಕಳಿಸುತ್ತೇನೆ. ನೀನು ಬಾ.

ವೆನಿಂಗ್


ಸುರಬಾಯ, ಬಂದರು, ೧೭ ಏಪ್ರಿಲ್ ೨೦೧೬

ವೆನಿಂಗ್,

ಕೊಟ್ಟಾಯಿತು. ರಾತ್ರಿಯ ಹಡಗಿಗೆ ಟಿಕೆಟ್ ಇದೆ. ನಿನ್ನ ವಾರ್ಡಿಗೆ ಬರಲಿಲ್ಲ, ಬರುವುದೂ ಇಲ್ಲ. ನಿನ್ನ ಮುಖ ನೋಡಿದರೆ ಎರಡು ಬಾರಿಸುತ್ತೇನೋ ಅಳುತ್ತೇನೋ ನನಗೇ ಗೊತ್ತಿಲ್ಲ, ಎರಡೂ ಗರ್ಭಿಣಿಗೆ ಒಳ್ಳೆಯದಲ್ಲ.

ರಕ್ತನಿಧಿಯ ಹೊರಗೆ ಒಂದೇ ಬೆಂಚು. ಭಾನುವಾರ, ಕಾಲಿಡಲು ಜಾಗವಿಲ್ಲ. ಒಬ್ಬ ಹುಡುಗಿ ಎದ್ದು, "ಕೂತ್ಕೊಳಿ, ನಿಮ್ ಕೈಗೆ ಹತ್ತಿ ಕಟ್ಟಿದಾರೆ, ತಲೆ ಸುತ್ತತ್ತೆ" ಅಂದಳು. ಕೂತೆ. "ಯಾರಿಗೆ ಕೊಟ್ರಿ?" ಎಂದು ಕೇಳಿದಳು. "ಗೊತ್ತಿರೋರೊಬ್ರಿಗೆ" ಅಂದೆ. "ನಮ್ಮಮ್ಮಂಗೂ ಬೇಕು, ಯಾರೋ ಕೊಡ್ತಾರಂತೆ" ಅಂದಳು. ಹುಬ್ಬು ನನ್ನದೇ. ಅಷ್ಟರಲ್ಲಿ ಅಮ್ಮ ಅನ್ನದ ಪೊಟ್ಟಣ ಹಿಡಿದು ಆ ಕಡೆಯಿಂದ ಬರುವುದು ಕಂಡಿತು, ನಾನು ಎದ್ದು ಈ ಕಡೆಯಿಂದ ಹೋದೆ. ಮನೆಯಲ್ಲಿ ನನ್ನ ಒಂದು ಫೋಟೋ ಕೂಡ ಇಟ್ಟಿಲ್ಲವಲ್ಲೇ ನೀವು!

ಹಬ್ಬದ ಮಾರನೆಯ ವಾರ. ಮಾತು ತಪ್ಪಬೇಡ.

ರುಮಿಯಾತಿ


ತುಬಾನ್, ೧೨ ಮೇ ೨೦೧೬

ಅಕ್ಕಾ,

ಮನೆಗೆ ಬಂದು ಹತ್ತು ದಿನವಾಯಿತು. ಕೂತು ಬರೆಯಲು ಇವತ್ತು ಆಯಿತು.

ಗಂಡುಮಗು. ತೂಕ ಕಡಿಮೆ, ಆದರೆ ಕೂಗುವುದರಲ್ಲಿ ಕಡಿಮೆಯಿಲ್ಲ. ಗರ್ಭಕೋಶ ಉಳಿಯಿತು. ಡಾಕ್ಟರು ತುಂಬ ಹೊತ್ತು ತೆಗೆದುಕೊಂಡರಂತೆ. ಮೂತ್ರಕೋಶಕ್ಕೆ ಅಂಟಿದ್ದನ್ನು ಮೊದಲು ನಿಧಾನವಾಗಿ ಬಿಡಿಸಿದರಂತೆ, ಎಲ್ಲೂ ಅವಸರ ಮಾಡಲಿಲ್ಲವಂತೆ. ಮಾರನೆಯ ದಿನ ಬಂದು, "ಹೊಲಿಗೆ ಚೆನ್ನಾಗಿ ಕೂತಿದೆ. ಆದ್ರೆ ಇನ್ನು ಸಾಕು ಮಾಡಿ" ಅಂದರು. ಇವರು ನಕ್ಕರು. "ಸಾಕು ಮಾಡೋಕಾದ್ರೆ ಉಳಿಸಿದ್ದು ಯಾಕೆ ಡಾಕ್ಟ್ರೇ?" ಅಂದರು. ಡಾಕ್ಟರು ನಗಲಿಲ್ಲ.

ಕತ್ತರಿಸಿದ ತುಂಡಿನ ಸಮೇತ ಮಾಸನ್ನು ಕೊಟ್ಟರು. ಇವರು ಬಾಗಿಲಿನ ಬಲಗಡೆ ಹೂತರು. ಎಡಗಡೆ ನಾನು ಪೊರಕೆ ಆಡಿಸುವುದಿಲ್ಲ ಅಕ್ಕಾ, ಯಾವತ್ತೂ ಆಡಿಸಿಲ್ಲ. ಅಲ್ಲಿ ಕೈಯಲ್ಲೇ ಎಲೆ ಹೆಕ್ಕುತ್ತೇನೆ. ಗಂಡುಮಗು ಅಂತ ಎರಡು ಆಡು ಕೊಯ್ಯಿಸಿದರು. ಓಣಿಯ ಹೆಂಗಸರು ನನ್ನನ್ನು ನೋಡಲು ಬರುತ್ತಾರೆ, ಒಬ್ಬಳು ಗರ್ಭಕೋಶ ಎಲ್ಲಿದೆ ಎಂದು ಹೊಟ್ಟೆ ಮುಟ್ಟಿಯೂ ನೋಡಿದಳು.

ನೀನು ಕೊಟ್ಟು ಹೋದ ರಕ್ತದ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ವೆನಿಂಗ್


ಬಾಲಿಕ್‌ಪಾಪನ್, ೨೩ ಮೇ ೨೦೧೬

ವೆನಿಂಗ್,

ಎರಡು ಆಡಿನ ಸುದ್ದಿ ಬರೆಯಲು ಪುರುಸೊತ್ತಿದೆ, ರಕ್ತದ ಬಗ್ಗೆ ಒಂದು ಮಾತು ಬರೆಯಲು ನಾಲಿಗೆ ಬಿದ್ದುಹೋಗಿದೆ. ಹೋಗಲಿ. ನಿನ್ನಿಂದ ಉಪಕಾರಸ್ಮರಣೆ ಕೇಳುವಷ್ಟು ಮಂಕು ನಾನಲ್ಲ.

ಅವನಿಗೆ ಮಗ ಸಿಕ್ಕಿದ, ನಿನಗೆ ಗರ್ಭಕೋಶ ಸಿಕ್ಕಿತು. ಈಗ ಹೊಟ್ಟೆ ಮುಟ್ಟಿ ನೋಡಿಸಿಕೊಂಡು ಮೆರೆ. ನನ್ನದನ್ನು ಉಳಿಸುವ ಡಾಕ್ಟರು ಆಗ ಎಲ್ಲಿ ಓದುತ್ತಿದ್ದನೋ ಏನೋ. ನಿನ್ನ ಕಾಗದ ಓದಿ ಮೂರು ದಿನ ಅಡುಗೆಗೆ ಉಪ್ಪು ಹೆಚ್ಚಾಯಿತು, ಕೂಲಿಗಳು ಬೈದರು. ಹೊಟ್ಟೆಕಿಚ್ಚೇ ಕಣೇ, ಹೌದು. ಅದನ್ನು ಮುಚ್ಚಿಟ್ಟು ನನಗೇನಾಗಬೇಕು?

ಜುಲೈ ಹತ್ತಕ್ಕೆ ಬಂದರಿನಲ್ಲಿ ಇರುತ್ತೇನೆ. ಅಮ್ಮ ಕರೆದುಕೊಂಡು ಬರಲಿ.

ರುಮಿಯಾತಿ


ತುಬಾನ್, ೯ ಜುಲೈ ೨೦೧೬

ಅಕ್ಕಾ,

ಇದನ್ನು ಅವಳ ಚೀಲದಲ್ಲೇ ಇಡುತ್ತಿದ್ದೇನೆ.

ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿಸಬೇಡ, ಮುಖ ತೊಳೆಯುವತನಕ ಅವಳು ಯಾರವಳೂ ಅಲ್ಲ. ಮೀನಿನ ತಲೆ ತಿನ್ನುತ್ತಾಳೆ, ಮೊಟ್ಟೆಯ ಬಿಳಿ ತಿನ್ನುವುದಿಲ್ಲ. ಮಲಗುವಾಗ ಕಾಲಿಗೆ ಹೊದಿಕೆ ಬೇಡ. ತಾಟಿನಿಂಗು ಅಂದರೆ ಪ್ರಾಣ. ಆ ಊರಿನಲ್ಲಿ ಸಿಗುತ್ತದೋ ಇಲ್ಲವೋ ಎಂದು ಒಂದಿಷ್ಟು ಕಟ್ಟಿದ್ದೇನೆ, ದಾರಿಯಲ್ಲೇ ತಿಂದುಬಿಡಲಿ, ಉಳಿಯುವುದಿಲ್ಲ. ಕೂದಲಿಗೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಹಾಕಿದರೆ ತುರಿಕೆ.

ತನ್ನನ್ನು ಹೆತ್ತವಳು ಬೇರೆ ಎಂದು ಅವಳಿಗೆ ಮೊದಲಿಂದಲೂ ಗೊತ್ತು. ಅವರ ಹತ್ತಿರ ಹೋಗುತ್ತಿದ್ದೀಯ ಎಂದು ಹಬ್ಬದ ಮಾರನೆಯ ದಿನ ಹೇಳಿದೆ. "ಎಷ್ಟ್ ದಿನಕ್ಕೆ?" ಎಂದು ಕೇಳಿದಳು. ಅದನ್ನು ನೀನೇ ಹೇಳು.

ನಾನು ಬಂದರಿಗೆ ಬರುವುದಿಲ್ಲ. ಬಂದರೆ ಕಳಿಸಲಾರೆ.

ವೆನಿಂಗ್


ಬಾಲಿಕ್‌ಪಾಪನ್, ೨ ಆಗಸ್ಟ್ ೨೦೧೬

ವೆನಿಂಗ್,

ನಿನ್ನ ಮಗಳಲ್ಲ, ನನ್ನ ಮಗಳು ಕ್ಷೇಮ. ಶಾಲೆಗೆ ಹಾಕಿದ್ದೇನೆ. ಹೊಸ ಬೂಟು, ಹೊಸ ಚೀಲ, ಕಿಟಕಿಯ ಪಕ್ಕ ಹಾಸಿಗೆ. ಏನು ಕಡಿಮೆ?

ಮೊದಲ ಎರಡು ವಾರ ನರಕ. ಊಟ ಬೇಡ, ಮಾತು ಬೇಡ. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. "ಅಮ್ಮ ಅನ್ನೇ, ನಾನ್ ಹೆತ್ತಿದೀನಿ" ಅಂದರೆ, "ಸರಿ ದೊಡ್ಡಮ್ಮಾ" ಅನ್ನುತ್ತಾಳೆ. ತಮಾಷೆಗಲ್ಲ, ವಿಧೇಯತೆಯಿಂದಲೇ ಅನ್ನುತ್ತಾಳೆ, ಅದೇ ನನಗೆ ಉರಿಯುವುದು. ದಿನಾ ಸಾಯಂಕಾಲ ಒಂದೇ ಪ್ರಶ್ನೆ: "ಲಾರಸ್‌ನ ಯಾಕೆ ಕಳಿಸ್ಲಿಲ್ಲ? ತಮ್ಮ ಹುಟ್ಟಿದ ಅಂತ ನಂಗೆ ಜಾಗ ಇಲ್ವಾ?"

ಹದಿನೈದು ದಿನ ಕೇಳಿಸಿಕೊಂಡೆ. ಹದಿನಾರನೆಯ ದಿನ ಸೌಟು ಕೈಯಲ್ಲಿತ್ತು, ಒಲೆ ಉರಿಯುತ್ತಿತ್ತು, ತಡೆಯಲಿಲ್ಲ. "ನಿಮ್ಮಮ್ಮ ಸಾಯ್ತಿದ್ಲು. ಗರ್ಭಕೋಶ ಬೇಕಾಗಿತ್ತು ಅವಳಿಗೆ, ರಕ್ತ ಬೇಕಾಗಿತ್ತು. ಒಂದು ಚೀಲ ರಕ್ತಕ್ಕೆ ನಿನ್ನ ನಂಗೆ ಮಾರಿದ್ಲು. ಸಾಕಾ?" ಅಂದೆ.

ಬೇಕೆಂದೇ ಹೇಳಿದೆ. ನಿನ್ನ ಮೇಲಿನ ಮೋಹ ಒಂದೇ ಏಟಿಗೆ ಬಿಟ್ಟುಹೋಗಲಿ ಎಂದು ಹೇಳಿದೆ. ಬಿಟ್ಟಿತು ಕೂಡ. ಅವತ್ತು ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ತಿಂದಳು. ಅವತ್ತಿನಿಂದ ಅಳುವೂ ಇಲ್ಲ, ಪ್ರಶ್ನೆಯೂ ಇಲ್ಲ. ಕ್ಯಾಂಟೀನಿನಲ್ಲಿ ತಟ್ಟೆ ಜೋಡಿಸಿಕೊಡುತ್ತಾಳೆ, ಕೂಲಿಗಳ ಜೊತೆ ಹರಟುತ್ತಾಳೆ. ಮಕ್ಕಳಿಗೆ ನಿಜ ಹೇಳಿಬಿಡಬೇಕು, ನೋಡು.

ರುಮಿಯಾತಿ


ತುಬಾನ್, ೧೩ ಆಗಸ್ಟ್ ೨೦೧೬

ಅಕ್ಕಾ,

ನೀನು ಏನು ಬೇಕಾದರೂ ಅನ್ನು, ಕೇಳಿಸಿಕೊಳ್ಳುತ್ತೇನೆ. ಆದರೆ ಆ ಮಗುವಿಗೆ ಅದನ್ನು ಯಾಕೆ ಹೇಳಿದೆ? ನಿನಗೆ ಕರುಳೇ ಇಲ್ಲವೇನೇ?

ಅದು ನಿಜವೂ ಅಲ್ಲ. ನಿನ್ನ ರಕ್ತ ನನ್ನ ಮೈಯಲ್ಲಿ ಒಂದು ತೊಟ್ಟೂ ಇಲ್ಲ. ಡಾಕ್ಟರು ನಾಳಗಳನ್ನು ಅಷ್ಟು ಚೆನ್ನಾಗಿ ಕಟ್ಟಿದ್ದರು, ಎರಡೇ ಚೀಲ ಸಾಕಾಯಿತು. ನಾಲ್ಕನೆಯದು ಎದುರಿಗಿರಬೇಕಿತ್ತು, ಇತ್ತು. ಆ ಚೀಲದ ಬಾಯಿ ಮಾತ್ರ ಬಿಚ್ಚಲಿಲ್ಲ. ಮರುದಿನ ನರ್ಸ್ ಬಂದು ಹೇಳಿದಳು, "ನಿಮ್ ಕಡೆಯೋರು ಕೊಟ್ಟಿದ್ದು ಹಾಗೇ ಇದೆ, ಇನ್ನೊಬ್ರಿಗೆ ಅರ್ಜೆಂಟು, ಕೊಡ್ಲಾ?" ಕೊಡಿ ಅಂದೆ. ಮದುರಾದ ಒಬ್ಬ ಹೆಂಗಸಿಗೆ ಹೋಯಿತು.

ಮೇ ತಿಂಗಳಲ್ಲೇ ಇದನ್ನು ಬರೆಯಬಹುದಿತ್ತು. ಬರೆದಿದ್ದರೆ, ನೋಡು, ಕೊಟ್ಟ ಮಾತಿನಿಂದ ಜಾರಿಕೊಳ್ಳಲು ದಾರಿ ಹುಡುಕುತ್ತಿದ್ದಾಳೆ ಎಂದು ನೀನು ಅನ್ನುತ್ತಿದ್ದೆ. ಜಾರಿಕೊಳ್ಳುತ್ತಲೂ ಇದ್ದೆನೇನೋ. ಅದಕ್ಕೇ ರಕ್ತದ ಬಗ್ಗೆ ಬರೆಯುವುದಿಲ್ಲ ಅಂದದ್ದು.

ಇನ್ನೊಂದು. ನಿನ್ನ ಷರತ್ತು ಹೇಳಿದಾಗ ಇವರು ಏನೂ ಅನ್ನಲಿಲ್ಲ ಎಂದು ಬರೆದಿದ್ದೆ. ಅಂದಿದ್ದರು. ದೋಣಿಯ ಎಂಜಿನ್ನಿನಿಂದ ತಲೆ ಕೂಡ ಎತ್ತದೆ, "ಕರ್ಕೊಂಡ್ ಹೋಗ್ಲಿ ಬಿಡು, ಹೆಣ್ಣು ತಾನೆ, ಒಂದು ಬಾಯಿ ಕಮ್ಮಿಯಾಯ್ತು" ಅಂದಿದ್ದರು. ಈಗ ಮತ್ತೆ ಇನ್ನೊಂದು ಗಂಡು ಬೇಕು ಅನ್ನುತ್ತಿದ್ದಾರೆ. ಹೊಲಿಗೆಯ ನೋವು ಇನ್ನೂ ಹೋಗಿಲ್ಲ. ಉಳಿಸಿಕೊಂಡದ್ದನ್ನು ಯಾರಿಗಾಗಿ ಉಳಿಸಿಕೊಂಡೆ ಎಂದು ದಿನಾ ತಿಳಿಯುತ್ತಿದೆ.

ಲಿಂತಾಂಗ್‌ಳನ್ನು ರಕ್ತಕ್ಕೆ ಮಾರಲಿಲ್ಲ ನಾನು. ನೀನು ಹೆತ್ತವಳು, ಅವಳು ನಿನ್ನವಳು ಎಂದು ಕಳಿಸಿದೆ. ಈ ಕಾಗದವನ್ನು ಅವಳಿಗೆ ಓದಿ ಹೇಳು, ಕೈ ಮುಗಿಯುತ್ತೇನೆ. ಅಮ್ಮ ತನ್ನನ್ನು ಮಾರಿದಳು ಅಂದುಕೊಂಡು ಅವಳು ಬೆಳೆಯಬಾರದು.

ವೆನಿಂಗ್


ಬಾಲಿಕ್‌ಪಾಪನ್, ೨೭ ಆಗಸ್ಟ್ ೨೦೧೬

ವೆನಿಂಗ್,

ಓದಿ ಹೇಳಿದೆ. ಅವನು ಅಂದದ್ದನ್ನು ಬಿಟ್ಟು ಉಳಿದದ್ದೆಲ್ಲ, ಒಂದಕ್ಷರ ಬಿಡದೆ.

ನಾವಿಬ್ಬರೂ ಕತ್ತೆಗಳು ಕಣೇ. ಅವಳಿಗೆ ನಿನ್ನ ಮೇಲೆ ಸಿಟ್ಟು ಬಂದೇ ಇರಲಿಲ್ಲ. ನಾನು ಸೌಟು ಹಿಡಿದು ಕೂಗಾಡಿದ್ದರಲ್ಲಿ ಅವಳು ಕೇಳಿಸಿಕೊಂಡದ್ದೇ ಬೇರೆ. ತಾನು ಇಲ್ಲಿಗೆ ಬಂದದ್ದರಿಂದ ಅಮ್ಮ ಬದುಕಿದಳು, ಅಷ್ಟು. ಹೊಟ್ಟೆ ತುಂಬ ಉಂಡದ್ದು ಅದಕ್ಕೆ. ಕೂಲಿಗಳ ಹತ್ತಿರ ಹರಟುತ್ತಿದ್ದದ್ದೂ ಅದನ್ನೇ. "ನಮ್ಮಮ್ಮಂಗೆ ಡಾಕ್ಟ್ರು ಆಗಲ್ಲ ಅಂದಿದ್ರು. ನಾನ್ ಬರ್ತೀನಿ ಅಂದಿದ್ದಕ್ಕೆ ದೊಡ್ಡಮ್ಮ ರಕ್ತ ಕೊಟ್ರು" ಎಂದು ಇಡೀ ಬಂದರಿಗೆ ಹೇಳಿಕೊಂಡು ತಿರುಗಿದ್ದಾಳೆ. ಶಾಲೆಯಲ್ಲೂ ಹೇಳಿದ್ದಾಳೆ. ಅವಳ ಟೀಚರು ನಿನ್ನೆ ನನಗೆ ಹೇಳಿದರು.

ನಿನ್ನ ಕಾಗದ ಮುಗಿಸಿದಾಗ ತಟ್ಟೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹಾಗಾದ್ರೆ ಆ ರಕ್ತ ಹಾಕ್ಲೇ ಇಲ್ವಾ?"

"ಇಲ್ಲ."

"ನಾನ್ ಬರ್ದೇ ಇದ್ರೂ ಅಮ್ಮ ಬದುಕ್ತಿದ್ಲಾ?"

ಹೂಂ ಅಂದೆ. ಇನ್ನೇನನ್ನಲಿ, ನೀನೇ ಓದಿ ಹೇಳು ಎಂದು ಬರೆದಿದ್ದೆಯಲ್ಲ.

"ಮತ್ತೆ ಯಾಕೆ ಕಳಿಸಿದ್ಲು?"

'ನೀನು ಹೆತ್ತವಳು, ಅವಳು ನಿನ್ನವಳು' ಎಂದು ನನಗೆ ಬರೆದಿದ್ದಾಳಲ್ಲಮ್ಮಾ ಅಂದೆ. ಆ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡಳು. ಆಮೇಲೆ ತಟ್ಟೆ ಇಟ್ಟು ಹೋಗಿ ಮಲಗಿದಳು. ಇವತ್ತಿಗೆ ಮೂರು ದಿನ, ಗಂಟಲಲ್ಲಿ ಗಂಜಿ ಬಿಟ್ಟು ಏನೂ ಇಳಿದಿಲ್ಲ. ಅಳುತ್ತಲೂ ಇಲ್ಲ. ನಿನ್ನೆ ಜಡೆ ಹಾಕಲು ಹೋದರೆ ತಲೆ ಕೊಟ್ಟು ಕೂತಳು, ನಾನು ಏನು ಮಾಡಿದರೂ 'ಸರಿ' ಅನ್ನುತ್ತಾಳೆ.

ವಾಪಸ್ ಕಳಿಸಲಾ ಎಂದು ಕೇಳಿದೆ ವೆನಿಂಗ್. ಹೌದು, ನಾನೇ ಕೇಳಿದೆ. "ಅಲ್ಲಿ ಬೇಡ ಅಂದ್ರಲ್ಲ" ಅಂದಳು.

ಅವಳಿಗೆ ಒಂದು ಕಾಗದ ಬರೆ. ನನಗೆ ಬೇಡ, ಅವಳ ಹೆಸರಿಗೇ ಬರೆ. ನಿಜವನ್ನೇ ಬರೆಯಬೇಕೆಂದಿಲ್ಲ. ನಿನ್ನ ಮೈಯಲ್ಲಿ ಆ ರಕ್ತ ಇದೆ, ನರ್ಸ್ ತಪ್ಪು ಹೇಳಿದ್ದಳು ಎಂದು ಬರೆ. ನಾನು ಓದಿ ಹೇಳಿದರೆ ಇನ್ನು ನಂಬುವುದಿಲ್ಲ, ಅವಳೇ ಓದಿಕೊಳ್ಳುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆ. ಬೇಗ ಬರೆ.

ರುಮಿಯಾತಿ